‘ನೀನು’, ‘ನೀವು’, ‘ತಾವು’: ಆರೂವರೆ ಸಾವಿರ ರೂಪಾಯಿಯ ಪತ್ರಪಾಠ

ಕರೆಯೋಲೆ ಎಂದರೆ ನಮ್ಮ ಮನೆಯಲ್ಲಿ ಅನ್ನದ ವಿಷಯ. ಅಪ್ಪನದು ನಂಜನಗೂಡಿನಲ್ಲಿ ಒಂದು ಸಣ್ಣ ಅಚ್ಚುಕೂಟ. ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದ ಕಾಲದಿಂದ ಆಫ್‌ಸೆಟ್ ಬರುವವರೆಗೆ ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಹೀಗೆ ಸುತ್ತಮುತ್ತಲಿನ ಹಳ್ಳಿಗಳ ಸುಖದುಃಖವೆಲ್ಲ ಅಲ್ಲಿ ಅಚ್ಚಾಗುತ್ತಿತ್ತು. ಆರನೆಯ ತರಗತಿಯಿಂದಲೇ ನಾನು ಕರಡು ತಿದ್ದುತ್ತಿದ್ದೆ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬಲ್ಲಿ ಒಂದು ಸಕಾರ ಬಿದ್ದುಹೋಗಿದ್ದರೆ ಊಟದ ತಟ್ಟೆಯ ಮುಂದೆ ಕುಳಿತೇ ಹಿಡಿಯುತ್ತಿದ್ದೆ. ಅಂಥವಳು ಮೂವತ್ತಾರನೆಯ ವಯಸ್ಸಿನಲ್ಲಿ, ಇಂಗ್ಲಿಷಿನಲ್ಲಿ ಒಬ್ಬ ಸ್ನೇಹಿತನನ್ನು ಮನೆಗೆ ಕರೆಯುವ ಪತ್ರ ಬರೆಯಲು ಬರುವುದಿಲ್ಲವೆಂದು ದುಡ್ಡು ಕೊಟ್ಟು ತರಗತಿ ಸೇರಿದೆ. ಆ ತರಗತಿ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಮೈಸೂರು. ಸಂಸ್ಥೆಯ ಹೆಸರು ಬೇಡ. ದೂರುವುದಕ್ಕೂ ಸಾಕಷ್ಟಿದೆ, ಹೊಗಳುವುದಕ್ಕೂ ಇದೆ. ಹೊಗಳಿಕೆಗೆ ಪಾತ್ರರಾದವರು ಅಲ್ಲಿ ಸಂಬಳಕ್ಕಿರುವ ಮೇಡಂ, ದೂರಿಗೆ ಪಾತ್ರರಾದವರು ಅವರಿಗೆ ಸಂಬಳ ಕೊಡುವವರು. ಹೆಸರು ಬರೆದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಊಹಿಸಬಹುದು.

ನಾನು ಲೆಕ್ಕಪತ್ರದ ಕೆಲಸದವಳು. ಕೆನಡಾಕ್ಕೆ ಎಕ್ಸ್‌ಪ್ರೆಸ್ ಎಂಟ್ರಿಯ ಮೂಲಕ, ಅಂದರೆ ಅಂಕ ನೋಡಿ ವಲಸೆಗೆ ಆರಿಸುವ ಅಲ್ಲಿನ ವ್ಯವಸ್ಥೆಯ ಮೂಲಕ, ಅರ್ಜಿ ಹಾಕುವ ಯೋಚನೆಯಿತ್ತು. ಅದಕ್ಕೆ ಒಪ್ಪುವ ಇಂಗ್ಲಿಷ್ ಪರೀಕ್ಷೆಗಳಲ್ಲಿ ನಾನು ಆರಿಸಿಕೊಂಡದ್ದು ಐಇಎಲ್‌ಟಿಎಸ್, ಅದರಲ್ಲಿ ಜನರಲ್ ಟ್ರೈನಿಂಗ್ ಎಂಬ ಬಗೆಯನ್ನು ಬರೆಯಬೇಕು. ವಲಸೆಯ ಲೆಕ್ಕದಲ್ಲಿ ಭಾಷೆಯ ಅಂಕ ಚೆನ್ನಾಗಿ ಸಿಗಬೇಕಾದರೆ, ಬ್ಯಾಂಡ್ ಎಂದು ಕರೆಯುವ ಈ ಪರೀಕ್ಷೆಯ ಅಂಕ ಒಂಬತ್ತಕ್ಕೆ ಆಲಿಸುವುದರಲ್ಲಿ 8, ಓದು, ಬರಹ, ಮಾತು ಮೂರರಲ್ಲೂ 7 ಬರಬೇಕು. ಮೊದಲ ಸಲ ಮೂರು ದಾಟಿದವು. ಬರಹ ಮಾತ್ರ 6ರಲ್ಲಿ ಮೊಂಡುಗತ್ತೆಯ ಹಾಗೆ ನಿಂತುಬಿಟ್ಟಿತು. ಹದಿನೈದು ಸಾವಿರಕ್ಕೂ ಮೀರಿದ ಪರೀಕ್ಷಾ ಶುಲ್ಕ, ಬೆಂಗಳೂರಿಗೆ ಹೋಗಿ ಬಂದ ಖರ್ಚು, ಒಂದು ದಿನದ ರಜೆ, ಎಲ್ಲ ಒಂದು ಅಂಕೆಯ ಎದುರು ಮಣ್ಣುಪಾಲು.

ಬರವಣಿಗೆಗೆ ಇರುವುದು ಒಂದು ಗಂಟೆ. ಮೊದಲು ಕನಿಷ್ಠ 150 ಪದಗಳ ಪತ್ರ, ಆಮೇಲೆ ಕನಿಷ್ಠ 250 ಪದಗಳ ಪ್ರಬಂಧ. ಪತ್ರಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳಿ ಎಂದು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಒಂದು ಸಂದರ್ಭ ಕೊಟ್ಟು ಕೆಳಗೆ ಮೂರು ಅಂಶಗಳನ್ನು ಕೊಟ್ಟಿರುತ್ತಾರೆ. ದೂರಬೇಕೋ, ಕ್ಷಮೆ ಕೇಳಬೇಕೋ, ಏನಾದರೂ ಬೇಡಬೇಕೋ, ಯಾರನ್ನಾದರೂ ಕರೆಯಬೇಕೋ, ಅದು ಅವತ್ತಿನ ಅದೃಷ್ಟ. ನನಗೆ ಬಂದದ್ದು ಕರೆಯುವುದೇ. ಕುಲಕಸುಬಿನ ಹೆಮ್ಮೆಯಲ್ಲಿ ಹನ್ನೆರಡೇ ನಿಮಿಷದಲ್ಲಿ ಬರೆದು ಮುಗಿಸಿ, ಉಳಿದ ಸಮಯವನ್ನೆಲ್ಲ ಪ್ರಬಂಧಕ್ಕೆ ಹಾಕಿದೆ. ಫಲಿತಾಂಶದ ಹಾಳೆಯಲ್ಲಿ ಪತ್ರಕ್ಕೆ ಇಷ್ಟು, ಪ್ರಬಂಧಕ್ಕೆ ಇಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಮುಗ್ಗರಿಸಿದ್ದು ಎಲ್ಲಿ ಎಂದು ತಿಳಿಯಲೇ ಇಲ್ಲ. ಪತ್ರದಲ್ಲಂತೂ ಅಲ್ಲ ಎಂದುಕೊಂಡಿದ್ದೆ.

ತರಗತಿಯ ವಿವರ ಇಷ್ಟು: ಪತ್ರಲೇಖನಕ್ಕೆಂದೇ ನಾಲ್ಕು ವಾರ, ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಏಳರಿಂದ ಎಂಟೂವರೆ, ಶುಲ್ಕ 6,500 ರೂಪಾಯಿ. ಹನ್ನೆರಡು ಪತ್ರ ಬರೆಸಿ ತಿದ್ದಿ ಕೊಡುತ್ತೇವೆ ಎಂಬ ಭರವಸೆ. ಸೇರಿದ ದಿನ ಕೌಂಟರಿನ ಹುಡುಗ ಒಂದು ಪುಸ್ತಿಕೆ ಕೈಗಿಟ್ಟು, “ಇದಕ್ಕೆ ನಾನೂರು ರೂಪಾಯಿ ಬೇರೆ, ಮೇಡಂ” ಎಂದ. ಶುಲ್ಕದಲ್ಲಿ ಸೇರಿಲ್ಲವೇ ಎಂದು ಕೇಳಿದ್ದಕ್ಕೆ, ಕೊನೆಗೆ ಹಿಂದಿರುಗಿಸಿದರೆ ದುಡ್ಡು ವಾಪಸು ಎಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆ ಪುಸ್ತಿಕೆಯನ್ನು ಅಚ್ಚಿನ ಮನೆಯವಳ ಕಣ್ಣಿನಿಂದ ನೋಡಿದೆ. ಮೂರನೆಯ ತಲೆಮಾರಿನ ಜೆರಾಕ್ಸ್ ಪ್ರತಿ, ಸುರುಳಿ ತಂತಿಯ ಹೊಲಿಗೆ, ಹದಿನೇಳನೆಯ ಪುಟ ಎರಡು ಸಲ, ಹತ್ತೊಂಬತ್ತನೆಯದು ಇಲ್ಲವೇ ಇಲ್ಲ. ಒಳಗೆ ನಲವತ್ತು ಮಾದರಿ ಪತ್ರಗಳು. ಅವುಗಳಲ್ಲಿ ಆಹ್ವಾನದವು ಏಳು, ಏಳಕ್ಕೂ ಮೊದಲ ವಾಕ್ಯ ಒಂದೇ: ‘ಈ ಪತ್ರ ತಲುಪುವ ಹೊತ್ತಿಗೆ ತಾವು ಆರೋಗ್ಯದ ಉತ್ತುಂಗದಲ್ಲಿರುವಿರೆಂದು ಆಶಿಸುತ್ತೇನೆ’ ಎಂಬರ್ಥದ, ನಮ್ಮ ತಾತಂದಿರ ಕಾಲದ ಇಂಗ್ಲಿಷು. ಜೊತೆ ಕೆಲಸ ಮಾಡುವವನಿಗೂ ಅದೇ, ಬಾಲ್ಯದ ಗೆಳತಿಗೂ ಅದೇ, ಮನೆ ಮಾಲೀಕನಿಗೂ ಅದೇ. ಬಾಯಿಪಾಠ ಮಾಡಿದ್ದನ್ನು ತಂದು ಸುರಿದರೆ ಪರೀಕ್ಷಕರು ಗುರುತಿಸಿ ಅಂಕ ಕಡಿಮೆ ಮಾಡುತ್ತಾರೆ. ಮೌಲ್ಯಮಾಪನದ ಮಾನದಂಡಗಳು ಪ್ರಕಟವಾಗಿಯೇ ಇವೆ, ಯಾರು ಬೇಕಾದರೂ ಓದಬಹುದು. ಆದರೂ ಇಂಥ ಪುಸ್ತಿಕೆಗಳು ಬೆಲ್ಲದಚ್ಚಿನ ಹಾಗೆ ಖರ್ಚಾಗುತ್ತಿವೆ.

ಮೊದಲ ದಿನ ಮೇಡಂ ಬಂದರು. ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಹತ್ತಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು, “ಇದನ್ನು ನೀವು ಕೊಂಡಿದ್ದೀರಿ, ಆಗಲಿ. ಮನೆಯಲ್ಲಿ ಮಕ್ಕಳಿದ್ದರೆ ಹಿಂಬದಿಯಲ್ಲಿ ಚಿತ್ರ ಬಿಡಿಸುತ್ತಾರೆ” ಎಂದರು. ಬಾಗಿಲ ಹೊರಗಿದ್ದ ಕೌಂಟರಿನ ಹುಡುಗನಿಗೆ ಅದು ಕೇಳಿಸಿತೋ ಇಲ್ಲವೋ.

ಆಮೇಲೆ ಒಂದು ಪ್ರಶ್ನೆ ಕೊಟ್ಟರು. ನಿಮ್ಮ ಊರಿನಲ್ಲಿ ಒಂದು ಹಬ್ಬವಿದೆ, ಬೇರೆ ದೇಶದಲ್ಲಿರುವ ಸ್ನೇಹಿತನನ್ನು ಕರೆಯಿರಿ. ಹಬ್ಬ ಎಂಥದೆಂದು ಹೇಳಿ, ಬಂದರೆ ಏನೇನು ಮಾಡಬಹುದೆಂದು ತಿಳಿಸಿ, ಎಲ್ಲಿ ಉಳಿಯಬಹುದೆಂದು ಸೂಚಿಸಿ. ಮೈಸೂರಿನಲ್ಲಿ ಕುಳಿತವರಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ? ದಸರೆಯನ್ನು ಹಿಡಿದುಕೊಂಡೆ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ್ ಆರಂಭಿಸಿದ್ದು, 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಹೊಸ ಅರಮನೆ 1912ರಲ್ಲಿ ಮುಗಿದದ್ದು, 750 ಕಿಲೋ ತೂಕದ ಅಂಬಾರಿ, ಬನ್ನಿಮಂಟಪದ ಪಂಜಿನ ಕವಾಯತು, ಒಂದನ್ನೂ ಬಿಡಲಿಲ್ಲ. 210 ಪದವಾಯಿತು. ಎಲ್ಲಿ ಉಳಿಯಬೇಕೆಂಬುದನ್ನು ಕೊನೆಯ ಒಂದು ವಾಕ್ಯದಲ್ಲಿ ತುರುಕಿದ್ದೆ.

ಶನಿವಾರ ಹಾಳೆ ಹಿಂದಿರುಗಿತು. ಮೇಲಿನ ಹದಿಮೂರು ಸಾಲುಗಳಿಗೆ ಒಂದೇ ಕೆಂಪು ಆವರಣ, ಪಕ್ಕದಲ್ಲಿ ಕನ್ನಡದಲ್ಲಿ ಒಂದು ಮಾತು: “ಈತ ನಿಮ್ಮ ಸ್ನೇಹಿತನೋ, ಪ್ರವಾಸೋದ್ಯಮ ಇಲಾಖೆಯ ಅತಿಥಿಯೋ?” ಅದರ ಕೆಳಗೆ ಚಿಕ್ಕದಾಗಿ: “ಅಂಬಾರಿಯ ತೂಕ ಅವನಿಗೆ ಯಾಕೆ? ನಿಮ್ಮ ಮನೆಯ ತಾರಸಿಯಿಂದ ಮೆರವಣಿಗೆ ಕಾಣುತ್ತದೆಯೋ ಇಲ್ಲವೋ ಅದನ್ನು ಹೇಳಿ.”

ನಮ್ಮ ಮನೆಯ ತಾರಸಿಯಿಂದ ಎದುರು ಮನೆಯ ನೀರಿನ ತೊಟ್ಟಿ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಮಾತು ನಾಟಿತು.

ಇನ್ನು ಇಡೀ ಶುಲ್ಕವನ್ನು ಸಾರ್ಥಕ ಮಾಡಿದ ಸಂಗತಿಗೆ ಬರುತ್ತೇನೆ. ಎರಡನೆಯ ವಾರ ಮೇಡಂ ಒಂದು ಕಟ್ಟಪ್ಪಣೆ ಹೊರಡಿಸಿದರು. ಪ್ರಶ್ನೆಯನ್ನು ಓದಿದ ಕೂಡಲೇ, ಒಂದಕ್ಷರ ಇಂಗ್ಲಿಷ್ ಬರೆಯುವ ಮೊದಲು, ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕನ್ನಡ ಪದ ಬರೆಯಬೇಕು: ‘ನೀನು’, ‘ನೀವು’ ಅಥವಾ ‘ತಾವು’. ಈ ಮನುಷ್ಯ ಎದುರಿಗೆ ನಿಂತಿದ್ದರೆ ಏನೆಂದು ಮಾತನಾಡಿಸುತ್ತೀರೋ ಅದು. ಬರೆದ ಮೇಲೆ ಪತ್ರ ಮುಗಿಯುವವರೆಗೆ ಆ ಪದ ಬದಲಾಗಕೂಡದು.

ನಗು ಬಂದಿತ್ತು. ಆದರೆ ಅವರು ಬಿಡಿಸಿ ಹೇಳಿದ ಮೇಲೆ ನಗು ಅಡಗಿತು. ಕನ್ನಡದಲ್ಲಿ ಮರ್ಯಾದೆಯ ಹೊರೆಯನ್ನೆಲ್ಲ ಸರ್ವನಾಮ ಮತ್ತು ಕ್ರಿಯಾಪದಗಳೇ ಹೊರುತ್ತವೆ. ‘ಬಾ’, ‘ಬನ್ನಿ’, ‘ಆಗಮಿಸಬೇಕಾಗಿ ಕೋರುತ್ತೇವೆ’. ಇಷ್ಟು ಸಾಕು, ಉಳಿದ ವಾಕ್ಯ ಹೇಗಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಅಲ್ಲಿ ಮರ್ಯಾದೆಯಾಗಲಿ ಸಲಿಗೆಯಾಗಲಿ ವಾಕ್ಯದ ಮೈಯಲ್ಲೆಲ್ಲ ಹರಡಿಕೊಂಡಿರುತ್ತದೆ: ಕ್ರಿಯಾಪದದ ಹಿಂದೆ ಬರುವ ‘ವುಡ್’, ‘ಕುಡ್’ಗಳಲ್ಲಿ, ಪದಗಳನ್ನು ಕೂಡಿಸಿ ಮೊಟಕು ಮಾಡುವುದರಲ್ಲಿ, ವಾಕ್ಯದ ಉದ್ದದಲ್ಲಿ, ಕೊನೆಗೆ ಸಹಿಯ ಮೇಲಿನ ಎರಡು ಪದಗಳಲ್ಲಿ. ನಾವು ಸರ್ವನಾಮವನ್ನು ಕಳೆದುಕೊಂಡ ಕೂಡಲೇ ದಿಕ್ಕು ತಪ್ಪಿ, ಮೊದಲ ಸಾಲಿನಲ್ಲಿ ತೋಳಿನ ಮೇಲೆ ಕೈ ಹಾಕಿ, ಎರಡನೆಯದರಲ್ಲಿ ಕೈ ಮುಗಿದು, ಮೂರನೆಯದರಲ್ಲಿ ಕಾಲಿಗೆ ಬೀಳುತ್ತೇವೆ. ಮಾನದಂಡದಲ್ಲಿ 6ಕ್ಕೂ 7ಕ್ಕೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು. ಧಾಟಿ ಅಲ್ಲಲ್ಲಿ ಏರುಪೇರಾದರೆ 6, ಉದ್ದೇಶ ಸ್ಪಷ್ಟವಾಗಿದ್ದು ಧಾಟಿ ಕೊನೆಯವರೆಗೂ ಒಂದೇ ಸಮನಿದ್ದರೆ 7. ನನ್ನ ಮೊದಲ ಪರೀಕ್ಷೆಯ ಪತ್ರವನ್ನು ನೆನಪಿಸಿಕೊಂಡೆ. ಸ್ನೇಹಿತೆಯನ್ನು ಹೆಸರು ಹಿಡಿದು ಕರೆದು, ‘ತಮ್ಮ ಘನ ಉಪಸ್ಥಿತಿಯನ್ನು ಬೇಡುತ್ತೇವೆ’ ಎಂಬರ್ಥದ ಲಗ್ನಪತ್ರಿಕೆಯ ಇಂಗ್ಲಿಷನ್ನು ಹಾಕಿ, ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಎಂದು ಸಹಿ ಮಾಡಿದ್ದೆ. ಹೆಸರು ತಿಳಿಯದವರಿಗೆ, ‘ಡಿಯರ್ ಸರ್ ಆರ್ ಮೇಡಂ’ ಎಂದು ಆರಂಭಿಸಿದಾಗ ಮಾತ್ರ ಬರುವ ಸಹಿ ಅದು. ಮನೆತನದ ಹೆಸರು ಹಿಡಿದು ಮಿಸ್ಟರ್, ಮಿಸೆಸ್ ಎಂದು ಕರೆದಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’. ಗೆಳತಿಗೆ ಎರಡೂ ಅಲ್ಲ, ‘ಬೆಸ್ಟ್ ವಿಷಸ್’ ಸಾಕು.

ಹಾಗೆಂದು ನಮ್ಮ ಪತ್ರಗಳಲ್ಲಿ ಈ ವಿವೇಚನೆ ಇರಲಿಲ್ಲವೆಂದಲ್ಲ. ತಂದೆಗೆ ‘ತೀರ್ಥರೂಪರವರಿಗೆ’, ತಾಯಿಗೆ ‘ಮಾತೃಶ್ರೀಯವರಿಗೆ’, ತಮ್ಮನಿಗೆ ‘ಚಿರಂಜೀವಿ’ ಎಂದು ಬರೆದವರೇ ನಾವು. ಶಾಲೆಯಲ್ಲಿ ಅರ್ಜಿ ಬರೆಸಿ ಬರೆಸಿ ಎಲ್ಲವನ್ನೂ ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ಕ್ಕೆ ಇಳಿಸಿಬಿಟ್ಟರು. ನಮ್ಮ ತರಗತಿಯಲ್ಲಿ ಒಬ್ಬ ಎಂಜಿನಿಯರ್ ಗೆಳೆಯನ ಹುಟ್ಟುಹಬ್ಬದ ಕರೆಗೂ ‘ವಿಷಯ’ ಎಂದು ಬರೆದು ಅಡಿಗೆರೆ ಎಳೆದಿದ್ದ. ಮೇಲೆ ವಿಳಾಸವನ್ನೂ ಬರೆದಿದ್ದ. ವಿಳಾಸ ಬೇಕಿಲ್ಲವೆಂದು ಪ್ರಶ್ನೆಯಲ್ಲೇ ಅಚ್ಚಾಗಿರುತ್ತದೆ.

ಮೂರನೆಯ ವಾರವಿಡೀ ಕರೆಯುವ ವಾಕ್ಯದ ಮೇಲೆಯೇ ಹೋಯಿತು. ನಾವೆಲ್ಲರೂ ತಪ್ಪದೇ ಬರೆಯುತ್ತಿದ್ದ ಒಂದು ಮಾತು ‘ತಪ್ಪದೇ ಬನ್ನಿ’. ಅದನ್ನು ಹಾಗೆಯೇ ‘ವಿತೌಟ್ ಫೇಲ್’ ಎಂದು ಇಂಗ್ಲಿಷಿಗೆ ಇಳಿಸಿದರೆ ಆಮಂತ್ರಣ ಹೋಗಿ ಠಾಣೆಯ ಸಮನ್ಸ್ ಆಗುತ್ತದಂತೆ. ‘ತಾವು’ ಎಂದು ಅಂಚಿನಲ್ಲಿ ಬರೆದ ಪತ್ರದಲ್ಲಿ, ಅಂದರೆ ಒಬ್ಬ ತಜ್ಞರನ್ನು ಕಚೇರಿಯ ಕಾರ್ಯಕ್ರಮಕ್ಕೆ ಭಾಷಣ ಮಾಡಲು ಕರೆಯುವಂಥದ್ದರಲ್ಲಿ, ಬರಲಾಗದಿದ್ದರೆ ಇಲ್ಲವೆನ್ನಲು ಒಂದು ಕಿಂಡಿಯನ್ನು ಬಿಟ್ಟೇ ಕರೆಯಬೇಕು: ತಮ್ಮ ಕೆಲಸಗಳ ನಡುವೆ ಬಿಡುವಾದರೆ, ಆ ದಿನಾಂಕ ಹೊಂದದಿದ್ದರೆ ಬೇರೆ ದಿನವಾದರೂ ಸರಿ, ಹೀಗೆ. ‘ನೀನು’ ಪತ್ರದಲ್ಲಿ ‘ಬರಲೇಬೇಕು’ ಎನ್ನಬಹುದು, ಅಲ್ಲಿ ಒತ್ತಾಯವೇ ಪ್ರೀತಿ.

ನಾನು ಎದ್ದು ನಿಂತು ತಕರಾರು ತೆಗೆದೆ. “ಮೇಡಂ, ನಮ್ಮ ಕಡೆ ಬಿಡುವಿದ್ದರೆ ಬನ್ನಿ ಎಂದರೆ ಜಗಳವಾಗುತ್ತದೆ.”

“ಆಗುತ್ತದಮ್ಮ, ನನಗೂ ಗೊತ್ತು. ನನ್ನ ಸೋದರತ್ತೆ ಒಂದು ಮದುವೆಗೆ ಅದೇ ಕಾರಣಕ್ಕೆ ಹೋಗಲಿಲ್ಲ. ಆದರೆ ನಿಮ್ಮ ಪತ್ರಕ್ಕೆ ಅಂಕ ಹಾಕುವುದು ನನ್ನ ಸೋದರತ್ತೆಯಲ್ಲ.”

ಆ ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡುವಿದ್ದರೆ ಬನ್ನಿ ಎಂದು ಅಚ್ಚು ಹಾಕಿಸಿದರೆ ಅಡುಗೆಯವನಿಗೆ ಕೊಟ್ಟ ಮುಂಗಡವೂ ದಂಡ” ಎಂದರು. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು. ನಮ್ಮಲ್ಲಿ ಕಾಗದ ಯಾರನ್ನೂ ಕರೆಯುವುದಿಲ್ಲ. ಮೂಲೆಗೆ ಅರಿಶಿನ ಹಚ್ಚಿ, ಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಲ್ಲಿ ಹೇಳಿದರೆ ಕರೆದ ಹಾಗೆ. ಅಂಚೆಯಲ್ಲಿ ಬಂದದ್ದಕ್ಕೆ ಯಾರು ಹೋಗುತ್ತಾರೆ? ಯೋಚಿಸಿದೆ, ನಿಜ. ಅದಕ್ಕೇ ನಮ್ಮ ಪತ್ರಿಕೆಗಳಲ್ಲಿ ಬರುವ ಬಗೆಯಾಗಲಿ, ಉಳಿಯುವ ಜಾಗವಾಗಲಿ ಇರುವುದಿಲ್ಲ, ಮುಹೂರ್ತ, ಛತ್ರ, ಆಗಮನಾಭಿಲಾಷಿಗಳ ಹೆಸರು ಇದ್ದರೆ ಮುಗಿಯಿತು. ಉಳಿದದ್ದೆಲ್ಲ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಆಗುವ ಮಾತು. ಪರೀಕ್ಷೆಯ ಪತ್ರಕ್ಕೆ ಜಗುಲಿಯಿಲ್ಲ. ಯಾವ ಬಸ್ಸು, ಯಾವ ಕೋಣೆ, ಚಳಿಯಿದ್ದರೆ ಸ್ವೆಟರು ತಾ ಎಂಬುದೂ ಆ 150 ಪದಗಳೊಳಗೇ ಬರಬೇಕು. ಅಂಬಾರಿಯ ತೂಕಕ್ಕೆ ಅಲ್ಲಿ ಜಾಗವಿಲ್ಲದ್ದು ಅದಕ್ಕೇ.

ಎಂಟನೆಯ ಪತ್ರದ ಹೊತ್ತಿಗೆ ಹದ ಸಿಕ್ಕಿತು. ಹೊಸ ಮನೆಗೆ ಹಳೆಯ ನೆರೆಹೊರೆಯವರನ್ನು ಕರೆಯುವ ಪತ್ರ, ಅಂಚಿನಲ್ಲಿ ‘ನೀವು’. ಮಹಡಿಯ ಮೆಟ್ಟಿಲು ಕಡಿದಾಗಿದೆ, ನಿಮ್ಮ ಮಂಡಿನೋವಿಗೆ ಕಷ್ಟವಾದೀತೆಂದು ಕೆಳಗಿನ ಕೋಣೆಯಲ್ಲೇ ಊಟದ ಏರ್ಪಾಡು ಮಾಡಿದ್ದೇನೆ ಎಂದು ಒಂದು ವಾಕ್ಯ ಹಾಕಿದ್ದೆ. ಅದರ ಕೆಳಗೆ ಮೇಡಂ ಎರಡು ಗೆರೆ ಎಳೆದು, “ಈಗ ಕರೆದಿರಿ” ಎಂದು ಬರೆದರು. ಆ ಹಾಳೆಯನ್ನು ಇಟ್ಟುಕೊಂಡಿದ್ದೇನೆ.

ಇನ್ನು ದೂರುಗಳು. ಒಂದು ತಂಡದಲ್ಲಿ ಹನ್ನೆರಡೇ ಜನ ಎಂದು ಫಲಕದಲ್ಲಿತ್ತು, ಎಣಿಸಿದರೆ ಇಪ್ಪತ್ತೇಳು. ಹಿಂದೆ ಕುಳಿತವರಿಗೆ ಕುರ್ಚಿಯ ಕೈಯೇ ಮೇಜು, ಎಡಗೈಯವರ ಪಾಡು ದೇವರಿಗೇ ಪ್ರೀತಿ. ಹನ್ನೆರಡು ಪತ್ರ ತಿದ್ದಿಸುತ್ತೇವೆ ಎಂದದ್ದು ಒಂಬತ್ತಕ್ಕೆ ನಿಂತಿತು. ಇಪ್ಪತ್ತೇಳು ಜನರ ಹಾಳೆಗಳನ್ನು ಒಬ್ಬರೇ ಎರಡು ದಿನದಲ್ಲಿ ತಿದ್ದಬೇಕೆಂದರೆ ಅದು ಮೇಡಂ ತಪ್ಪಲ್ಲ. ಒಂದು ಗುರುವಾರ ಅವರು ರಜೆಯಿದ್ದಾಗ ಬದಲಿಗೆ ಬಂದ ಯುವಕ ಪುಸ್ತಿಕೆಯ ಮೂರನೆಯ ಮಾದರಿಯನ್ನು ಹಲಗೆಯ ಮೇಲೆ ಇಳಿಸಿ, ಊರಿನ ಹೆಸರು ಬದಲಿಸಿಕೊಳ್ಳಿ ಎಂದು ಹೇಳಿ ಹೋದ. ಹೊರಗೆ ‘7 ಬ್ಯಾಂಡ್ ಖಚಿತ’ ಎಂಬ ಬ್ಯಾನರು. ಪರೀಕ್ಷೆಯನ್ನು ನಡೆಸುವವರೇ ಕೊಡಲಾಗದ ಖಾತರಿಯನ್ನು ಇವರು ಎಲ್ಲಿಂದ ತಂದರೋ.

ಎಲ್ಲಕ್ಕಿಂತ ದೊಡ್ಡ ಮಾತನ್ನು ಅವರು ಸೇರುವಾಗ ಹೇಳುವುದೇ ಇಲ್ಲ. ಬರವಣಿಗೆಯ ಅಂಕದಲ್ಲಿ ಪತ್ರಕ್ಕಿಂತ ಪ್ರಬಂಧಕ್ಕೆ ಎರಡರಷ್ಟು ತೂಕ. ಪತ್ರವೊಂದನ್ನೇ ತಿದ್ದಿಕೊಂಡು 6ರಿಂದ 7ಕ್ಕೆ ಹಾರುವುದು ಕಷ್ಟ. ನಿಮ್ಮ ಪ್ರಬಂಧ ಕುಂಟುತ್ತಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ, ಪತ್ರದ ತರಗತಿ ಆಮೇಲೆ. ಇದನ್ನೂ ನನಗೆ ಹೇಳಿದ್ದು ಮೇಡಂ, ಅದೂ ಮೆಟ್ಟಿಲಿಳಿಯುವಾಗ ತಗ್ಗಿದ ದನಿಯಲ್ಲಿ. ನನ್ನ ಪ್ರಬಂಧಗಳನ್ನು ಎರಡು ಸಲ ತರಗತಿಯ ಹೊರಗೆ ಓದಿ, ಅವು ಪರವಾಗಿಲ್ಲ, ಪತ್ರವೇ ಎಳೆಯುತ್ತಿದೆ ಎಂದು ಅವರು ಹೇಳಿದ ಮೇಲೆಯೇ ನಾನು ನಾಲ್ಕು ವಾರ ಪೂರೈಸಿದ್ದು.

ಎರಡನೆಯ ಸಲ ಕಂಪ್ಯೂಟರಿನಲ್ಲಿ ಬರೆದೆ. ಪರದೆಯ ಕೆಳಗೆ ಪದಗಳ ಎಣಿಕೆ ತಾನೇ ಬರುವುದರಿಂದ, ಕಾಗದದ ಮೇಲೆ ಸಾಲಿಗೆ ಒಂಬತ್ತು ಎಂದು ಗುಣಿಸುತ್ತ ಕೂರುವ ಪಾಡಿಲ್ಲ. ಕೊಟ್ಟ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ನೀವು’ ಎಂದು ಬರೆದುಕೊಂಡು ಆರಂಭಿಸಿದೆ. ಅವತ್ತು ಬಂದದ್ದು ಆಹ್ವಾನವಲ್ಲ, ಕ್ಷಮೆ ಕೇಳುವ ಪತ್ರ. ಪೆನ್ಸಿಲಿನ ಪದ ಅದಕ್ಕೂ ಸರಿಹೋಯಿತು. 178 ಪದ, ಹತ್ತೊಂಬತ್ತು ನಿಮಿಷ. ಬರಹಕ್ಕೆ 7 ಬಂತು. ಪ್ರಬಂಧದ ಪಾಲೆಷ್ಟು, ಪತ್ರದ ಪಾಲೆಷ್ಟು ಎಂಬುದನ್ನು ಹಾಳೆ ಈ ಸಲವೂ ಹೇಳಲಿಲ್ಲ.

ಐದರಲ್ಲಿ ನಕ್ಷತ್ರ ಕೊಡಿ ಎಂದರೆ ಮೇಡಂಗೆ ಐದು, ಸಂಸ್ಥೆಗೆ ಎರಡು. ಸೇರುವ ಮೊದಲು, ಪತ್ರ ತಿದ್ದುವವರು ಯಾರು, ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತಾರೆ ಎಂಬುದನ್ನು ಕೇಳಿ, ತಿದ್ದಿದ ಒಂದು ಹಳೆಯ ಹಾಳೆಯನ್ನು ತೋರಿಸಲು ಹೇಳಿ. ಕೆಂಪು ಶಾಯಿಯಲ್ಲಿ ಬರೀ ‘ಗುಡ್’ ಎಂದಿದ್ದರೆ ಮೆಟ್ಟಿಲಿಳಿದು ಬನ್ನಿ. ಬೆಳಗಿನ ತಂಡವೇ ಒಳ್ಳೆಯದು, ಸಂಜೆ ಕೆಳಗಿನ ಚಾಟ್ಸ್ ಗಾಡಿಯ ಒಗ್ಗರಣೆಗೆ ಅರ್ಧ ತರಗತಿ ಕೆಮ್ಮುತ್ತಿರುತ್ತದೆ. ಪುಸ್ತಿಕೆಯನ್ನು ಮಾತ್ರ ಕೊಳ್ಳಬೇಡಿ. ನಾನು ಕೊನೆಯ ದಿನ ಒಂದೂ ಗೀರಿಲ್ಲದೆ ಹಿಂದಿರುಗಿಸಿದೆ. ಹದಿನೇಳನೆಯ ಪುಟ ಎರಡಿದೆ, ಹತ್ತೊಂಬತ್ತು ಕಾಣೆಯಾಗಿದೆ, ಹಾಳೆ ನೀವೇ ಹರಿದಿರಬೇಕು ಎಂದು ಕೌಂಟರಿನ ಹುಡುಗ ನಾನೂರು ರೂಪಾಯಿ ಹಿಡಿದುಕೊಂಡಿದ್ದಾನೆ.